ಒಂಬತ್ತರ ಕೆಳಗೆ ಒಂದು ಎಂಟು

ನನ್ನ ಹತ್ತಿರ 1859ರ ಕೆನಡಾದ ಒಂದು ಸೆಂಟ್ ನಾಣ್ಯವಿದೆ. ಅಗಲ ಸರಿಯಾಗಿ ಒಂದು ಇಂಚು. ಇಂಥ 100 ನಾಣ್ಯ ಸೇರಿದರೆ ಒಂದು ಪೌಂಡ್ ತೂಗುವಂತೆ ಮಾಡಿಸಿದ್ದರು. ಒಂದು ಕಡೆ ಎಳೆವಯಸ್ಸಿನ ವಿಕ್ಟೋರಿಯಾ ರಾಣಿ, ಇನ್ನೊಂದು ಕಡೆ ಸುತ್ತಲೂ ಮೇಪಲ್ ಎಲೆಗಳ ಬಳ್ಳಿ. ಎರಡೂ ಚಂದ. ಆದರೆ ನಾನು ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಹಿಡಿದು ಜಾಸ್ತಿ ಹೊತ್ತು ನೋಡುವುದು ಇಸವಿಯ ಕೊನೆಯ ಅಂಕಿಯನ್ನು.

ಈ ನಾಣ್ಯಗಳು ತಯಾರಾಗಿದ್ದು ಲಂಡನ್ನಿನ ಟಂಕಸಾಲೆಯಲ್ಲಿ. 1858ರ ಇಸವಿ ಹೊತ್ತವು 4 ಲಕ್ಷ 21 ಸಾವಿರ, 1859ರವು 95 ಲಕ್ಷ 79 ಸಾವಿರ. ಕೂಡಿ ನೋಡಿ, ಸರಿಯಾಗಿ ಒಂದು ಕೋಟಿ! ವರ್ಷ ಬದಲಾದಾಗ 8 ಇದ್ದ ಹಳೆಯ ಉಕ್ಕಿನ ಅಚ್ಚುಗಳನ್ನು ಸುಮ್ನೆ ಎಸೆಯಲಿಲ್ಲ. ಕೆಲವದರಲ್ಲಿ 8ರ ಮೇಲೆಯೇ 9 ಒತ್ತಿದರು. ಎರಡು ಅಂಕಿಗಳಿಗೂ ವ್ಯತ್ಯಾಸ ಇರುವುದು ಎಲ್ಲಿ? ಕೆಳಗೆ, ಎಡಗಡೆ ಅಲ್ವಾ? ಹುಡುಕಬೇಕಾದ್ದೂ ಅಲ್ಲೇ. ದೀಪವನ್ನು ಓರೆಯಾಗಿ ಹಿಡಿದರೆ ಹಳೆಯ 8ರ ಗುರುತು ನೆರಳಿನಲ್ಲಿ ಎದ್ದು ಕಾಣುತ್ತದೆ. ಒಂದೇ 9ನ್ನು ಎರಡು ಸಲ ಒತ್ತಿದ ಅಚ್ಚುಗಳೂ ಇವೆ.

ಆದರೆ ಜೋಡಿಯಾಗಿ ಕಂಡದ್ದೆಲ್ಲ ಇದಲ್ಲ. ನಾಣ್ಯ ಒತ್ತುವ ಗಳಿಗೆಯಲ್ಲಿ ಅಚ್ಚು ಚೂರು ಅಲುಗಿದರೂ ಅಂಕಿ ಎರಡಾದಂತೆ ಕಾಣುತ್ತದೆ. ಆಗ ಅಂಕಿಯ ಪಕ್ಕ ಚಪ್ಪಟೆ ಮೆಟ್ಟಿಲಿನಂಥ ಗುರುತು ಇರುತ್ತದೆ. ಅದು ಆ ಒಂದು ನಾಣ್ಯದ ಕಥೆ ಅಷ್ಟೇ. ಅಚ್ಚಿನಲ್ಲೇ ಇರುವ ಗುರುತಾದರೆ ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಸಿಗಬೇಕು.

ಲೋಹ ಕಂಚು: 100ಕ್ಕೆ 95 ಪಾಲು ತಾಮ್ರ, 4 ತವರ, 1 ಸತು. ಅದೇ ರಾಣಿಯ ಮುಖವಿದ್ದ ನಮ್ಮ ಕಾಲಾಣೆ ಮಾತ್ರ ತಾಮ್ರದ್ದು. ತವರದ ಪರಮಾಣು ತಾಮ್ರದ್ದಕ್ಕಿಂತ ದೊಡ್ಡದು. ತಾಮ್ರದ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರದಂತೆ ಅದು ಅಡ್ಡ ಕೂರುತ್ತದೆ. ಹಾಗಾಗಿ ಕಂಚು ಗಟ್ಟಿ, ಬೇಗ ಸವೆಯುವುದಿಲ್ಲ.

ವರ್ಷಗಳು ಕಳೆದಂತೆ ಗಾಳಿ ತಾಗಿ ನಾಣ್ಯದ ಮೇಲೆ ತೆಳುವಾದ ಕಂದು ಪದರ ಕೂರುತ್ತದೆ. ಅದು ನಾಣ್ಯದ್ದೇ ಚರ್ಮ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೇವರ ಮನೆಯ ತಾಮ್ರದ ಚೊಂಬಿಗೆ ಅದು ಸರಿ. ನಾಣ್ಯಕ್ಕಾದರೆ ಹುಳಿ ಆ ಪದರವನ್ನು ಕರಗಿಸುತ್ತದೆ, ಉಜ್ಜಿದರೆ ನವಿರಾದ ಗೆರೆಗಳೂ ಹೋಗುತ್ತವೆ. ಮತ್ತೆ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಿರುಕು. ಏಟು ತಿಂದು ತಿಂದು ಅಚ್ಚು ಸೀಳುತ್ತದೆ. ಒತ್ತಿದಾಗ ಕಂಚು ಆ ಸೀಳಿನೊಳಗೂ ನುಗ್ಗುತ್ತದೆ. ಹಾಗಾಗಿ ಅಚ್ಚಿನ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಬಿರುಕು ಬೆಳೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಒಂದೇ ಅಚ್ಚಿನ ಎರಡು ನಾಣ್ಯ ಸಿಕ್ಕರೆ, ಗೆರೆ ಚಿಕ್ಕದಿರುವುದು ಮೊದಲು ಹುಟ್ಟಿದ್ದು. 160 ವರ್ಷ ದಾಟಿದ ಮೇಲೂ ಯಾವುದು ಅಣ್ಣ, ಯಾವುದು ತಮ್ಮ ಅಂತ ಹೇಳಬಹುದು! ನನ್ನ ಡಬ್ಬಿಯಲ್ಲಿ ಅಂಥ ಒಂದು ಜೋಡಿ ಇದೆ. ಒಂದರಲ್ಲಿ ಗೆರೆ ಎಲೆಯ ತುದಿಗೆ ನಿಂತಿದೆ, ಇನ್ನೊಂದರಲ್ಲಿ ಅಂಚು ಮುಟ್ಟಿದೆ. ಇವೆರಡರ ನಡುವೆ ಹುಟ್ಟಿದ್ದನ್ನು ಇನ್ನೂ ಹುಡುಕುತ್ತಿದ್ದೇನೆ.