ಅಚ್ಚು ಕಾಲು ಇಂಚು, ಬಾಯಿ ಅರ್ಧ ಇಂಚಿಗೂ ಮಿಗಿಲು

ಗುಜರಿ ರಾಶಿಯಲ್ಲೋ ಅಜ್ಜನ ಕಾಲದ ಪೆಟ್ಟಿಗೆಯಲ್ಲೋ ಸಿಗುವ ಹಳೆಯ ಸ್ಪ್ಯಾನರ್‌ಗಳಲ್ಲಿ ಒಂದು ಜಾತಿ ಇದೆ. ಮೈಮೇಲೆ ‘1/4 ಡಬ್ಲ್ಯು’ ಎಂಬ ಅಚ್ಚು, ಪಕ್ಕದಲ್ಲೇ ‘5/16 ಬಿಎಸ್’. ಬಾಯಿಗೆ ಕ್ಯಾಲಿಪರ್ (ಅಗಲ ನಿಖರವಾಗಿ ಅಳೆಯುವ ಸಾಧನ) ಹಿಡಿದರೆ ಬರುವುದು ಮಾತ್ರ ಸುಮಾರು 0.525 ಇಂಚು, ಅಂದರೆ 13.3 ಮಿಲಿಮೀಟರ್. ಬರೆದಿರುವ ಎರಡು ಅಳತೆಗಳಲ್ಲಿ ಯಾವುದೂ ಇಲ್ಲ! 13ರ ನಟ್ಟಿಗೆ ಸಡಿಲ, 14ರ ನಟ್ಟಿಗೆ ಹತ್ತುವುದೇ ಇಲ್ಲ.

ಇಂಥದ್ದನ್ನು ಹಳೆ ಬೈಕ್ ಇಟ್ಟುಕೊಂಡವರ ಕೈಗೆ ಕೊಡಬೇಕು. ಪಳಗಿದವರು ತಟ್ಟನೆ ಹೆಸರು ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಎರಡೂ ಬಾಯಿಯ ಅಳತೆ ಎಷ್ಟು? ಸವೆತ ಎಲ್ಲಿದೆ? ಯಾವ ಗಾಡಿಯ ಸಾಮಾನಿನ ಜೊತೆ ಸಿಕ್ಕಿತು? ಜಾವಾ-ಯೆಜ್ಡಿ ಸವಾರರು ನೋಡಿ ‘ಇದು ನಮ್ಮದಲ್ಲ’ ಎನ್ನುತ್ತಾರೆ. 1961ರಿಂದ ಮೈಸೂರಿನಲ್ಲಿ ತಯಾರಾದ ಆ ಗಾಡಿಗಳ ಮೂಲ ಚೆಕೊಸ್ಲೊವಾಕಿಯಾ. ಅವುಗಳ ನಟ್ಟು-ಬೋಲ್ಟು ಮೆಟ್ರಿಕ್. ಅವರ ‘ಅಲ್ಲ’ವೂ ಒಂದು ದೊಡ್ಡ ಸುಳಿವೇ. ಹಳೆ ಬುಲೆಟ್ ಇಟ್ಟುಕೊಂಡವರು ಅದನ್ನು ಎಂಜಿನ್ನಿನ ನಟ್ಟಿಗೆ ಹಾಕಿ ನೋಡುತ್ತಾರೆ. ಅಲುಗಾಡದೆ ಕೂತರೆ ಅರ್ಧ ಉತ್ತರ ಸಿಕ್ಕಂತೆ: ಇದು ವಿಟ್‌ವರ್ತ್ ಸ್ಪ್ಯಾನರ್, ಅಚ್ಚಿನ ‘ಡಬ್ಲ್ಯು’ ಅದೇ. 1950ರ ದಶಕದಲ್ಲಿ ಮದ್ರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ ತನ್ನ ಜೊತೆಗೆ ಬ್ರಿಟನ್ನಿನ ಥ್ರೆಡ್‌ಗಳನ್ನೂ (ಬೋಲ್ಟಿನ ಮೈಮೇಲಿನ ಸುರುಳಿ ಗೀರುಗಳನ್ನೂ) ತಂದಿತ್ತು.

ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನ ಎಂಜಿನಿಯರ್. ಅವನ ಕಾಲದಲ್ಲಿ ಒಂದೊಂದು ಕಾರ್ಖಾನೆಯ ಬೋಲ್ಟಿಗೂ ಅದರದ್ದೇ ಥ್ರೆಡ್. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಆತ ಬೇರೆ ಬೇರೆ ಕಡೆಯ ಬೋಲ್ಟುಗಳನ್ನು ಕಲೆಹಾಕಿ, ಅಳೆದು, ಸರಾಸರಿ ಹಿಡಿದು 1841ರಲ್ಲಿ ಒಂದು ಪದ್ಧತಿ ಮುಂದಿಟ್ಟ. ಥ್ರೆಡ್‌ನ ಕೋನ 55 ಡಿಗ್ರಿ. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಸುತ್ತು. ಯಾರದೋ ಮೇಜಿನ ಮೇಲೆ ಹುಟ್ಟಿದ ನಿಯಮವನ್ನು ಹೇರದೆ, ಬಳಕೆಯಲ್ಲಿದ್ದುದನ್ನೇ ಅಳೆದು ಕಟ್ಟಿದ ಮಾನದಂಡ ಎಂಬ ಕಾರಣಕ್ಕೆ ನನಗೆ ಇದರ ಮೇಲೆ ಬಹಳ ಗೌರವ.

ಅಚ್ಚಿನ ಒಗಟು ಬಿಡಿಸುವ ಕೀಲಿಯೂ ಇಲ್ಲೇ ಇದೆ. ಮೆಟ್ರಿಕ್ ಸ್ಪ್ಯಾನರ್ ಮೇಲಿನ ಅಂಕಿ ಬಾಯಿಯ ಅಗಲ. ವಿಟ್‌ವರ್ತ್ ಸ್ಪ್ಯಾನರ್ ಮೇಲಿನದು ಬೋಲ್ಟಿನ ದಪ್ಪ. ಕಾಲು ಇಂಚು ದಪ್ಪದ ಬೋಲ್ಟಿನ ತಲೆ ಆಗ 0.525 ಇಂಚು ಅಗಲ ಇರುತ್ತಿತ್ತು. ಮುಂದೆ ಸಣ್ಣ ಥ್ರೆಡ್‌ನ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್, ಅಚ್ಚಿನಲ್ಲಿ ಬರೇ ‘ಬಿಎಸ್’) ಬೋಲ್ಟುಗಳು ಬಂದಾಗ ಅವುಗಳ ತಲೆಯನ್ನು ಒಂದು ಅಳತೆ ಚಿಕ್ಕದು ಮಾಡಿದರು. ಹಾಗಾಗಿ 5/16 ಇಂಚಿನ ಬಿಎಸ್‌ಎಫ್ ಬೋಲ್ಟಿಗೂ ಇದೇ ಸ್ಪ್ಯಾನರ್ ಸಾಕು, ಅದಕ್ಕೇ ಎರಡು ಅಚ್ಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಉಕ್ಕು ಉಳಿಸಲು ವಿಟ್‌ವರ್ತ್ ಬೋಲ್ಟಿನ ತಲೆಯನ್ನೂ ಬಿಎಸ್‌ಎಫ್ ಅಳತೆಗೆ ಇಳಿಸಿದರು. ಈಗ ಗೊಂದಲ ಇಮ್ಮಡಿ: ಹೊಸ ಕಾಲು ಇಂಚಿನ ಬೋಲ್ಟಿಗೆ ‘1/4 ಡಬ್ಲ್ಯು’ ಎಂದಿರುವ ಹಳೆ ಸ್ಪ್ಯಾನರ್ ದೊಡ್ಡದಾಗುತ್ತದೆ, ‘3/16 ಡಬ್ಲ್ಯು’ ಸರಿಹೋಗುತ್ತದೆ.

ಇಷ್ಟೆಲ್ಲ ಯಾಕೆ, 14ರ ಸ್ಪ್ಯಾನರ್ ಹಾಕಿ ತಿರುಗಿಸಿದರಾಯ್ತಲ್ಲ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 13.3ರ ಆರುಮೂಲೆ ನಟ್ಟನ್ನು 14ರ ಬಾಯಿ ಕಚ್ಚುವ ಮೊದಲು ಸ್ಪ್ಯಾನರ್ ಸುಮಾರು 5ರಿಂದ 6 ಡಿಗ್ರಿ ಸುಮ್ಮನೆ ತಿರುಗುತ್ತದೆ. ಆಮೇಲೆ ಅದು ಮುಟ್ಟುವುದು ನಟ್ಟಿನ ಪಕ್ಕೆಯನ್ನಲ್ಲ, ಎದುರುಬದುರಿನ ಎರಡು ಮೂಲೆಗಳನ್ನು. ಕೈಯ ಬಲವೆಲ್ಲ ಕೂದಲೆಳೆಯಷ್ಟು ಜಾಗದ ಮೇಲೆ ಬಿದ್ದು, ಅಲ್ಲಿನ ಉಕ್ಕು ಮಣಿದು, ನಟ್ಟು ರೌಂಡಾಗುತ್ತದೆ. ಸಡಿಲು 0.1 ಮಿಲಿಮೀಟರ್ ಮಾತ್ರ ಇದ್ದರೆ ಆ ಖಾಲಿ ತಿರುಗಾಟ 1 ಡಿಗ್ರಿಗೂ ಕಡಿಮೆ. ಪಕ್ಕೆ ಪಕ್ಕೆಗೆ ಹೆಚ್ಚುಕಡಿಮೆ ಒರಗಿ ನಿಲ್ಲುತ್ತದೆ, ಮೂಲೆ ಉಳಿಯುತ್ತದೆ.

ಸ್ಪ್ಯಾನರ್ ಗುರುತು ಸಿಕ್ಕಿದ ಮಾತ್ರಕ್ಕೆ ಬೋಲ್ಟಿನ ಗುರುತು ಸಿಕ್ಕಂತಲ್ಲ, ಇದನ್ನು ಒತ್ತಿ ಹೇಳಬೇಕು. ಹಳೆ ಬ್ರಿಟಿಷ್ ಬೈಕುಗಳಲ್ಲಿ ಸೈಕಲ್ ಉದ್ಯಮದಿಂದ ಬಂದ ಇನ್ನೊಂದು ಥ್ರೆಡ್ ಧಾರಾಳವಾಗಿದೆ: ಇಂಚಿಗೆ 26 ಸುತ್ತು, ಕೋನ 60 ಡಿಗ್ರಿ. ಸುತ್ತು ಒತ್ತಾಗಿದ್ದಷ್ಟೂ ಅದರ ಇಳಿಜಾರು ಕಡಿಮೆ, ಎಂಜಿನ್ನಿನ ನಡುಕಕ್ಕೆ ನಟ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಸ್ಪ್ಯಾನರ್ ಕೂತಿತೆಂದು ಕೈಗೆ ಸಿಕ್ಕಿದ ವಿಟ್‌ವರ್ತ್ ಬೋಲ್ಟನ್ನು ಬೇರೆ ಥ್ರೆಡ್ ಇರುವ ಅಲ್ಯೂಮಿನಿಯಂ ಎಂಜಿನ್ ಕೇಸಿಗೆ ಬಿಗಿದರೆ ಮೆತ್ತನೆಯ ಥ್ರೆಡ್ ಕಿತ್ತೇ ಬರುತ್ತದೆ. ಅದಕ್ಕೆ ಅನುಭವಿಗಳು ಥ್ರೆಡ್ ಗೇಜಿನ ಹಲ್ಲನ್ನು ಬೋಲ್ಟಿಗೆ ಒತ್ತಿ, ಬೆಳಕಿಗೆ ಹಿಡಿದು, ನಡುವೆ ಸಂದಿ ಕಾಣುತ್ತದೆಯೇ ಎಂದು ನೋಡಿಯೇ ಮುಂದುವರಿಯುತ್ತಾರೆ.