ಗುಡುಗು ಮೋಡ ಹುಟ್ಟುವ ಮುನ್ನ ಬಲೂನು ಹೇಳುವುದೇನು?

ಗುಡುಗು ಮೋಡಗಳ ಅಧ್ಯಯನಕ್ಕೆ ಬಲೂನು ಹಾರಿಸುತ್ತೇವೆ ಎಂದೊಡನೆ, ಅದು ಮೋಡದ ಒಡಲು ಹೊಕ್ಕು ಅಲ್ಲಿನ ಸುದ್ದಿ ತರುತ್ತದೆ ಎಂದೇ ಹಲವರು ಭಾವಿಸುತ್ತಾರೆ. ಮೋಡದೊಳಗಿನ ವಿದ್ಯುತ್ ಕ್ಷೇತ್ರವನ್ನು ಅಳೆಯಲು ಅಂಥ ಹಾರಾಟಗಳು ನಡೆಯುವುದುಂಟು. ಆದರೆ ನಮ್ಮ ನಿತ್ಯದ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳದ್ದು, ಮೋಡ ಇನ್ನೂ ಮೂಡದಿರುವಾಗ ತೆಗೆದ ಅಳತೆ.

ಹೈಡ್ರೋಜನ್ ಅಥವಾ ಹೀಲಿಯಂ ತುಂಬಿದ ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಏರುವಾಗ, ಅದಕ್ಕೆ ತೂಗುಬಿಟ್ಟ ರೇಡಿಯೋಸಾಂಡ್ ಎಂಬ ಪುಟ್ಟ ಅಳತೆಯ ಉಪಕರಣ ಉಷ್ಣಾಂಶ, ಆರ್ದ್ರತೆ ಮತ್ತು ಒತ್ತಡದ ಮಾಹಿತಿಯನ್ನು ರೇಡಿಯೋ ಮೂಲಕ ಕೆಳಕ್ಕೆ ಕಳುಹಿಸುತ್ತಿರುತ್ತದೆ. ಅದು ತೇಲಿಹೋದ ದಾರಿಯಿಂದ ಗಾಳಿಯ ವೇಗ ಮತ್ತು ದಿಕ್ಕು ತಿಳಿಯುತ್ತವೆ.

ಈ ಅಂಕಿಗಳನ್ನು ನಕ್ಷೆಗೆ ಇಳಿಸಿದ ಮೇಲೆ ನಾವು ಕೇಳುವ ಪ್ರಶ್ನೆ ಒಂದೇ: ನೆಲದ ಬಳಿಯ ಗಾಳಿಯನ್ನು ಮೇಲಕ್ಕೆತ್ತಿದರೆ ಅದು ತಾನಾಗಿ ಏರುತ್ತಲೇ ಹೋಗುವುದೋ, ಮರಳಿ ಕುಸಿಯುವುದೋ? ಏರುವ ಗಾಳಿ ಮೊದಲು ಕಿಲೋಮೀಟರಿಗೆ ಸುಮಾರು 9.8 ಡಿಗ್ರಿಯಂತೆ ತಣಿಯುತ್ತದೆ. ಆವಿ ಹನಿಗಟ್ಟತೊಡಗಿದಾಗ ಬಿಡುಗಡೆಯಾಗುವ ಗುಪ್ತೋಷ್ಣದಿಂದ ತಣಿಯುವಿಕೆ ನಿಧಾನವಾಗುತ್ತದೆ. ಆಗ ಅದು ಸುತ್ತಲಿನ ಗಾಳಿಗಿಂತ ಬೆಚ್ಚಗಿದ್ದರೆ ಮೇಲಕ್ಕೆ ನುಗ್ಗುತ್ತದೆ. ಈ ನುಗ್ಗುವಿಕೆಗೆ ಒದಗುವ ಒಟ್ಟು ಶಕ್ತಿಯನ್ನು ‘ಕೇಪ್’ ಎಂಬ ಅಂಕಿಯಿಂದ ಸೂಚಿಸುತ್ತೇವೆ. ಕೇಪ್ ಕಿಲೋಗ್ರಾಮಿಗೆ 2000 ಜೂಲ್ ಇದ್ದರೆ, ಲೆಕ್ಕದ ಪ್ರಕಾರ ಗಾಳಿಯ ಮೇಲೇರಿಕೆ ಸೆಕೆಂಡಿಗೆ 63 ಮೀಟರ್ ಮುಟ್ಟಬಹುದು. ಹೊರಗಿನ ಒಣಗಾಳಿಯ ಬೆರಕೆ ಮತ್ತು ಹನಿಗಳ ಭಾರದಿಂದಾಗಿ ವಾಸ್ತವದಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಸಿಗುವುದಿಲ್ಲ.

ಕೇಪ್ ಒಂದನ್ನೇ ನೋಡಿ ಬಿರುಮಳೆಯ ಭವಿಷ್ಯ ನುಡಿಯುವ ಚಪಲ ನನಗೆ ಹಿಡಿಸದು. ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬೆಚ್ಚಗಿನ ಒಣಗಾಳಿಯ ಪದರವೊಂದು ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಕುಳಿತಿದ್ದರೆ, ಕೆಳಗೆ ಎಷ್ಟೇ ಶಕ್ತಿಯಿದ್ದರೂ ದಿನವಿಡೀ ಆಕಾಶ ಶುಭ್ರವಾಗಿಯೇ ಉಳಿಯಬಹುದು. ಅದೇ ತಟ್ಟೆ ಸಣ್ಣಪುಟ್ಟ ಮೋಡಗಳನ್ನು ತಡೆದು, ತೇವವನ್ನು ಕೆಳಗೇ ಕೂಡಿಡುವುದರಿಂದ, ಸಂಜೆಯ ಹೊತ್ತಿಗೆ ಎಲ್ಲಾದರೂ ಅದು ಭೇದಿಸಲ್ಪಟ್ಟರೆ ಹುಟ್ಟುವ ಮೋಡ ಬಲು ಉಗ್ರವಾಗಿರುತ್ತದೆ. ಗಾಳಿ ಎತ್ತರಕ್ಕೆ ಹೋದಂತೆ ಬದಲಾಗುವ ಬಗೆಯೂ ಮುಖ್ಯ: ನೆಲದಿಂದ 6 ಕಿಲೋಮೀಟರ್ ವರೆಗಿನ ಗಾಳಿಯ ವ್ಯತ್ಯಾಸ ಸೆಕೆಂಡಿಗೆ 20 ಮೀಟರ್ ದಾಟಿದರೆ, ಸುರಿಯುವ ಮಳೆ ಮೇಲೇರಿಕೆಯ ಮೇಲೆಯೇ ಬೀಳದೆ ಬದಿಗೆ ಸರಿದು, ಮೋಡ ದೀರ್ಘಕಾಲ ಬಾಳುತ್ತದೆ.

ಅಳತೆಯಲ್ಲಿ ಮೋಸಗಳೂ ಇವೆ. ಮೋಡದೊಳಗೆ ನೆನೆದ ಸಂವೇದಕ ಹೊರಬಂದೊಡನೆ, ಅದರ ಮೇಲಿನ ನೀರು ಆವಿಯಾಗಿ ಉಷ್ಣಾಂಶವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹೊಸಬನಾಗಿದ್ದಾಗ ಇಂಥ ನಕ್ಷೆಯೊಂದನ್ನು ನಾನು ನಿಜವಾದ ಅಸ್ಥಿರ ಪದರವೆಂದೇ ಓದಿದ್ದೆ.

ಇದಕ್ಕಿಂತ ದೊಡ್ಡ ತೊಡಕು ಹೊತ್ತಿನದು. ಜಗತ್ತಿನ ಹೆಚ್ಚಿನ ಕೇಂದ್ರಗಳು ಬಲೂನು ಬಿಡುವುದು ವಿಶ್ವ ಸಮಯದ 0 ಮತ್ತು 12 ಗಂಟೆಯ ವೀಕ್ಷಣೆಗಾಗಿ; ಮೋಡಗಳಿಗೆ ಆ ವೇಳಾಪಟ್ಟಿಯ ಹಂಗಿಲ್ಲ. ಆದ್ದರಿಂದ ಅಧ್ಯಯನ ಶಿಬಿರಗಳಲ್ಲಿ ಮೋಡದತ್ತ ಗಾಳಿ ಹರಿಯುವ ಬದಿಯಿಂದ, ಮಳೆಗೆ ಒಂದೆರಡು ಗಂಟೆ ಮುಂಚೆ ಹೆಚ್ಚುವರಿ ಬಲೂನುಗಳನ್ನು ಬಿಡುತ್ತೇವೆ. ಮಳೆಯ ತಣ್ಣನೆಯ ಬೀಸುಗಾಳಿ ನೆಲಕ್ಕೆ ಹರಡಿದ ಮೇಲೆ ಬಿಟ್ಟ ಬಲೂನು ಅಳೆಯುವುದು ಮೋಡ ಉಗುಳಿದ ಗಾಳಿಯನ್ನೇ ಹೊರತು, ಅದು ಉಂಡ ಗಾಳಿಯನ್ನಲ್ಲ.