ಡೆಡ್ ಲೋಡಿಗೆ ಒಮ್ಮೆ 1.5, ಒಮ್ಮೆ 0.9: ಯಾಕೆ?

ಕಾಂಕ್ರೀಟ್ ಕಟ್ಟಡಗಳ ಭಾರತೀಯ ಕೋಡು ಐಎಸ್ 456. ಅದರ ಸೇಫ್ಟಿ ಫ್ಯಾಕ್ಟರ್ (ಸುರಕ್ಷತೆಗಾಗಿ ಹಾಕುವ ಗುಣಕ) ಟೇಬಲ್ ಬಾಯಿಪಾಠ ಮಾಡಲು ಹತ್ತು ನಿಮಿಷ ಸಾಕು. ಅದರಲ್ಲಿ 0.9 ಎಂಬ ಅಂಕಿ ಯಾಕೆ ಕೂತಿದೆ ಅಂತ ತಿಳಿಯಲು ಮಾತ್ರ ಒಂದು ಲೆಕ್ಕ ಮಾಡಿ ನೋಡಲೇಬೇಕು. ಈ ಟಿಪ್ಪಣಿ ಜಾಸ್ತಿ ಅದರ ಬಗ್ಗೆಯೇ.

ಮೊದಲು ಸಾಮಗ್ರಿಯ ಕಡೆ. ಕಾಂಕ್ರೀಟಿನ ಬಲವನ್ನು 1.5ರಿಂದ ಭಾಗಿಸುತ್ತೇವೆ, ಕಬ್ಬಿಣದ್ದನ್ನು 1.15ರಿಂದ. ಕಬ್ಬಿಣ ಕಾರ್ಖಾನೆಯಲ್ಲಿ ಅಳತೆ ಪ್ರಕಾರ ತಯಾರಾಗಿ ಬರುತ್ತದೆ. ಕಾಂಕ್ರೀಟು ಸೈಟಿನಲ್ಲೇ ಆಗಬೇಕು. ನಮ್ಮ ಕಡೆ ಜೂನ್ ಬಂದರೆ ಹೊರಗೆ ರಾಶಿ ಹಾಕಿದ ಮರಳಿನಲ್ಲೇ ಎಷ್ಟು ನೀರಿರುತ್ತದೆ ಅಂತ ನೋಡಿದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ಎಂ20 ದರ್ಜೆಯ ಕಾಂಕ್ರೀಟ್ ಅಂದರೆ ನೂರು ಕ್ಯೂಬ್ (ಪರೀಕ್ಷೆಗೆ ಎರಕ ಹೊಯ್ದ ಘನಾಕಾರದ ತುಂಡು) ಪರೀಕ್ಷೆಯಲ್ಲಿ ಐದಕ್ಕಿಂತ ಜಾಸ್ತಿ, ಚದರ ಮಿಲಿಮೀಟರಿಗೆ 20 ನ್ಯೂಟನ್‌ಗಿಂತ ಕೆಳಗೆ ಬೀಳಬಾರದು. ಹಾಗಾಗಿ ಮಿಕ್ಸ್ ಮಾಡುವಾಗ ಗುರಿ 20 ಅಲ್ಲ, 20 + 1.65 × 4 = 26.6. ಆ 4 ಅಂದರೆ ಫಲಿತಾಂಶಗಳ ಏರಿಳಿತದ ಅಳತೆ (ಸ್ಟ್ಯಾಂಡರ್ಡ್ ಡೀವಿಯೇಶನ್). ಇನ್ನೊಂದು ವಿಷಯ: ಕಾಂಕ್ರೀಟಿನ ಬಲದ ಲೆಕ್ಕದಲ್ಲಿ ಬರುವ 0.67 ಸೇಫ್ಟಿ ಫ್ಯಾಕ್ಟರ್ ಅಲ್ಲ. ಕ್ಯೂಬಿನಲ್ಲಿ ಸಿಕ್ಕಿದ ಬಲ ನಿಜವಾದ ಬೀಮಿನಲ್ಲಿ ಪೂರ್ತಿ ಸಿಗುವುದಿಲ್ಲ, ಅದಕ್ಕೆ 0.67. ಆಮೇಲೆ 1.5ರಿಂದ ಭಾಗಿಸಿದಾಗ ಸೂತ್ರಗಳಲ್ಲಿ ಕಾಣುವ ಆ 0.446 ಬರುತ್ತದೆ.

ಇನ್ನು ಲೋಡಿನ ಕಡೆ. ಡೆಡ್ ಲೋಡ್ (ಕಟ್ಟಡದ ಸ್ವಂತ ತೂಕ), ಲೈವ್ ಲೋಡ್ (ಜನ, ಸಾಮಾನಿನ ತೂಕ) ಎರಡಕ್ಕೂ 1.5. ಗಾಳಿಯೂ ಸೇರಿ ಮೂರೂ ಒಟ್ಟಿಗೆ ಬಂದರೆ 1.2, ಯಾಕಂದರೆ ಮೂರೂ ಒಂದೇ ಹೊತ್ತಿಗೆ ತಮ್ಮ ಗರಿಷ್ಠ ಮುಟ್ಟುವ ಸಂಭವ ಕಡಿಮೆ. ಯುರೋಪಿನ ಕೋಡಿನಲ್ಲಿ ಡೆಡ್ ಲೋಡಿಗೆ 1.35, ಲೈವ್ ಲೋಡಿಗೆ 1.5. ಅಮೆರಿಕದಲ್ಲಿ 1.2 ಮತ್ತು 1.6. ನನಗೆ ಅವರ ದಾರಿಯೇ ಹೆಚ್ಚು ಸರಿ ಅನಿಸುತ್ತದೆ. ಸ್ಲ್ಯಾಬಿನ ತೂಕ ದಪ್ಪ ಅಳೆದರೆ ಗೊತ್ತಾಗುತ್ತದೆ, ಆದರೆ ಮದುವೆ ದಿನ ಮನೆಯೊಳಗೆ ಎಷ್ಟು ಜನ ಸೇರುತ್ತಾರೆ ಅಂತ ಯಾರು ಹೇಳಬಲ್ಲರು? ಗೊತ್ತಿರುವುದಕ್ಕೆ ಕಡಿಮೆ ಗುಣಕ, ಗೊತ್ತಿಲ್ಲದ್ದಕ್ಕೆ ಜಾಸ್ತಿ. ನಮ್ಮ ಕೋಡು ಎರಡಕ್ಕೂ ಒಂದೇ ಇಟ್ಟಿದೆ.

ಈಗ 0.9. ಕಾಸರಗೋಡಿನಲ್ಲಿ ಅಡಿಕೆ ಒಣಗಿಸುವ ಅಂಗಳಕ್ಕೆ ಶೀಟಿನ ಮಾಡು ಹಾಕುತ್ತಾರಲ್ವಾ, ಸುತ್ತ ಗೋಡೆ ಇಲ್ಲದೆ ಕಬ್ಬಿಣದ ಪೈಪಿನ ಕಂಬಗಳ ಮೇಲೆ? ಅದರ ಒಂದು ಕಂಬ ತೆಗೆದುಕೊಳ್ಳಿ.

ಗಾಳಿಯ ಮೂಲ ವೇಗ ಮಂಗಳೂರಿಗೂ ಕಲ್ಲಿಕೋಟೆಗೂ ಸೆಕೆಂಡಿಗೆ 39 ಮೀಟರ್. ನಾವು ನಡುವೆ ಇರುವುದರಿಂದ ಅದನ್ನೇ ಹಿಡಿದಿದ್ದೇನೆ. ಒತ್ತಡ 0.6 × 39 × 39, ಅಂದರೆ ಚದರ ಮೀಟರಿಗೆ ಸುಮಾರು 0.91 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕಿಲೋ ತೂಕ). ಎತ್ತರ, ಸುತ್ತಲಿನ ನೆಲ ಇವುಗಳ ಗುಣಕವನ್ನು ಇಲ್ಲಿ 1 ಎಂದಿಟ್ಟಿದ್ದೇನೆ, ಮೇಲಕ್ಕೆ ಎತ್ತುವ ಗುಣಾಂಕವನ್ನು 0.8 ಎಂದು. ಆಗ ಎತ್ತುವ ಬಲ 0.73. ಒಂದು ಕಂಬದ ಪಾಲಿಗೆ 12 ಚದರ ಮೀಟರ್ ಮಾಡು ಬಂದರೆ ಒಟ್ಟು 8.8 ಕಿಲೋನ್ಯೂಟನ್ ಮೇಲಕ್ಕೆ.

ಕೆಳಕ್ಕೆ ಏನಿದೆ? ಶೀಟು, ಪೈಪು ಸೇರಿ ಚದರ ಮೀಟರಿಗೆ 0.15 ಅಂದರೆ 1.8. ಕಂಬದ ಬುಡದಲ್ಲಿ ಎಲ್ಲ ಕಡೆಯೂ 70 ಸೆಂಟಿಮೀಟರ್ ಇರುವ ಕಾಂಕ್ರೀಟ್ ಕಟ್ಟೆ, ಅದರ ತೂಕ 8.2. ಒಟ್ಟು 10.

ಗುಣಕ ಹಾಕದೆ ನೋಡಿದರೆ 10ರಲ್ಲಿ 8.8 ಹೋಗಿ 1.2 ಉಳಿಯಿತು. ಕಂಬ ಏಳುವುದಿಲ್ಲ. ಇಲ್ಲಿ ಲೈವ್ ಲೋಡ್ ಇಲ್ಲ, ಹಾಗಾಗಿ 1.2 ಅಲ್ಲ. ತೂಕ, ಗಾಳಿ ಎರಡಕ್ಕೂ 1.5 ಹಾಕಿ: 15ರಲ್ಲಿ 13.2 ಹೋಗಿ 1.8 ಉಳಿಯಿತು. ಉಳಿಕೆ ಮೊದಲಿಗಿಂತ ಜಾಸ್ತಿ ಆಗಿದೆ! ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮನ್ನು ಕಾಪಾಡುವ ತೂಕವನ್ನೇ ನಾವು ಒಂದೂವರೆ ಪಟ್ಟು ಮಾಡಿಬಿಟ್ಟಿದ್ದೇವೆ. ಇಲ್ಲದ ತೂಕವನ್ನು ನಂಬಿ ಕೂತಿದ್ದೇವೆ. ಕಟ್ಟೆಯ ಗುಂಡಿ ತೋಡಿದವರು ನಾಲ್ಕು ಬೆರಳು ಕಡಿಮೆ ತೋಡಿದ್ದರೆ? ಮುಂದೆ ಯಾರೋ ಹಗುರ ಶೀಟು ಹಾಕಿದರೆ?

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಈ ಲೋಡ್ ಯಾವ ಜಾತಿ’ ಅಂತ ಅಲ್ಲ, ‘ಈಗ ಇದು ಯಾರ ಪಕ್ಷದಲ್ಲಿದೆ’ ಅಂತ. ನಮ್ಮ ವಿರುದ್ಧ ಇದ್ದರೆ 1.5. ನಮ್ಮ ಪರವಾಗಿದ್ದರೆ 0.9 ಮಾತ್ರ. ಹಾಗೆ ಲೆಕ್ಕ ಮಾಡಿದರೆ 9ರ ಎದುರು 13.2. ಅಂದರೆ 4.2 ಕಿಲೋನ್ಯೂಟನ್ ಮೇಲಕ್ಕೆ. ಕಟ್ಟೆ ಸಾಲದು. ಅದನ್ನು ಎಲ್ಲ ಕಡೆಯೂ 82 ಸೆಂಟಿಮೀಟರ್ ಮಾಡಿದರೆ ಒಟ್ಟು ತೂಕ 15 ಆಗುತ್ತದೆ, ಅದರ 0.9 ಪಾಲು 13.5, ಆಗ ಸರಿ. 80 ಸೆಂಟಿಮೀಟರಿಗೂ ಸಾಲುವುದಿಲ್ಲ, ಮಾಡಿ ನೋಡಿ. ಸುತ್ತಲಿನ ಮಣ್ಣಿನ ಹಿಡಿತವನ್ನು ನಾನು ಸೇರಿಸಿಲ್ಲ. ಮಳೆಗಾಲದಲ್ಲಿ ಸಡಿಲವಾಗುವ ತುಂಬು ಮಣ್ಣನ್ನು ನಂಬಲು ನನಗೆ ಮನಸ್ಸಿಲ್ಲ.

ಉಕ್ಕಿನ ಕಟ್ಟಡಗಳ ಕೋಡಾದ ಐಎಸ್ 800ರಲ್ಲೂ ಇದೇ 0.9, 1.5 ಜೋಡಿ ಇದೆ. ಇಂಥ ಕಬ್ಬಿಣದ ಮಾಡಿಗೆ ಅದನ್ನೇ ತೆರೆಯಬೇಕು.

ಪರೀಕ್ಷೆಯಲ್ಲಿ ಬಿಟ್ಟುಹೋಗುವ ಒಂದು ಭಾಗ: ಕಂಬದ ಬುಡದ ಬೋಲ್ಟುಗಳು. ಕಟ್ಟೆ ಎಷ್ಟೇ ದೊಡ್ಡದಿರಲಿ, ಅದರ ತೂಕ ಬೋಲ್ಟಿನ ಕೆಳಗಿದೆ, ಬೋಲ್ಟಿಗೆ ನೆರವಾಗುವುದಿಲ್ಲ. ಮೇಲಿರುವುದು ಮಾಡಿನ 1.8 ಮಾತ್ರ. ಹಾಗಾಗಿ ಎಳೆತ 13.2ರಲ್ಲಿ 0.9 × 1.8 ಕಳೆದು ಸುಮಾರು 11.6 ಕಿಲೋನ್ಯೂಟನ್. ನಾಲ್ಕು ಬೋಲ್ಟಿದ್ದರೆ ಒಂದೊಂದಕ್ಕೆ 2.9.